ಬೇಧಿ ನಿಂತ ಮೇಲೂ ಟರ್ಕಿ ಮರಿಗಳು ಏಕೆ ಸಾಯುತ್ತವೆ?

ಹಿರಿಯಡ್ಕದಿಂದ ಕೇಳಿದ್ದೀರಿ: ಎರಡು ವಾರದ ಟರ್ಕಿ ಮರಿಗಳಿಗೆ ಬೇಧಿಯಾಗಿ ನಿಂತಿತು, ಈಗ ಉಬ್ಬಸ ಬಂದು ಒಂದೊಂದಾಗಿ ಸಾಯುತ್ತಿವೆ, ಹಾಕಿದ ಲಸಿಕೆಯೂ ನಾಟಿದಂತಿಲ್ಲ. ಇದಕ್ಕೂ ಆ ಬೇಧಿಗೂ ಸಂಬಂಧವಿದೆಯೇ?

ಇರುವ ಸಾಧ್ಯತೆ ಹೆಚ್ಚು. ಮೊದಲ ಕೆಲವು ವಾರಗಳ ಬೇಧಿಯಲ್ಲಿ ಆಸ್ಟ್ರೋವೈರಸ್, ಟರ್ಕಿ ಕೊರೊನಾವೈರಸ್, ರೋಟಾವೈರಸ್‌ಗಳು ಹಲವು ಸಲ ಬ್ಯಾಕ್ಟೀರಿಯಾಗಳ ಜೊತೆಗೂಡಿಯೇ ಬರುತ್ತವೆ. ಹಾನಿ ಕರುಳಿಗಷ್ಟೇ ನಿಲ್ಲುವುದಿಲ್ಲ. ಸತ್ತ ಮರಿಯನ್ನು ಕೊಯ್ದು ನೋಡಿದರೆ ಗುದದ್ವಾರದ ಮೇಲ್ಭಾಗದಲ್ಲಿರುವ ಬರ್ಸಾ ಚೀಲವೂ ಕತ್ತಿನ ಇಕ್ಕೆಲದ ಥೈಮಸ್ ಗ್ರಂಥಿಯೂ ಕುಗ್ಗಿರುವುದು ಕಾಣಬಹುದು. ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳ ಪೈಕಿ ಪ್ರತಿಕಾಯ ತಯಾರಿಸುವ ಬಿ ಕಣಗಳು ಬಲಿಯುವುದು ಬರ್ಸಾದಲ್ಲಿ, ಟಿ ಕಣಗಳು ಥೈಮಸ್‌ನಲ್ಲಿ. ಅವು ಸೊರಗಿದಾಗ ಲಸಿಕೆ ಕೊಟ್ಟರೂ ಸರಿಯಾದ ಪ್ರತಿಕ್ರಿಯೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ತೊಂದರೆ ಕೊಡದ ಇ. ಕೋಲಿ ಎಂಬ ಬ್ಯಾಕ್ಟೀರಿಯಾವೂ ಆಗ ಶ್ವಾಸಕೋಶ, ರಕ್ತಕ್ಕೆ ನುಗ್ಗುತ್ತದೆ.

ಆರು ವಾರ ದಾಟಿದ ಮರಿಗಳು ರಕ್ತಬೇಧಿ ಮಾಡಿದರೆ ಕಥೆ ಬೇರೆ. ಅದರ ಹಿಂದಿನ ಅಡೆನೋವೈರಸ್ ನೇರವಾಗಿ ಬಿ ಕಣಗಳಲ್ಲೇ ಬೆಳೆಯುತ್ತದೆ. ಗುಲ್ಮ (ಸ್ಪ್ಲೀನ್) ಊದಿ ಅಮೃತಶಿಲೆಯಂತೆ ಮಚ್ಚೆಮಚ್ಚೆಯಾಗುತ್ತದೆ. ಅದಕ್ಕೆ ಲಸಿಕೆಯಿದೆ.

ಬೇಧಿಯೆಂದಾಕ್ಷಣ ನೀರಿಗೆ ಆ್ಯಂಟಿಬಯಾಟಿಕ್ ಸುರಿಯುವ ನಮ್ಮವರ ಅಭ್ಯಾಸ ನನಗೆ ಹಿಡಿಸದು, ವೈರಸ್‌ಗೆ ಅದು ತಾಗುವುದೇ ಇಲ್ಲ. ಸತ್ತ ಮರಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯರಿಗೆ ತೋರಿಸಿ. ಕರಾವಳಿಯ ಮಳೆಗಾಲದಲ್ಲಿ ಒದ್ದೆಯಾಗುವ ಉಮಿಯ ಹಾಸನ್ನು ಆಗಾಗ ಬದಲಿಸಿ, ಬಿಸಿ ತಪ್ಪದಂತೆ ನೋಡಿಕೊಳ್ಳಿ. ನಾಟಿ ಕೋಳಿಗಳ ಜೊತೆಗಂತೂ ಬಿಡಲೇಬೇಡಿ.