'ಆಸ್ಕ್' ಬಿಟ್ಟು ಬೇರೆ ಪದ ಬಳಸಬೇಕಾ?

ಉಡುಪಿಯಲ್ಲಿ ಡಿಗ್ರಿ ಮುಗಿಸಿ ಇಂಟರ್‌ವ್ಯೂಗೆ ತಯಾರಾಗುತ್ತಿದ್ದೀರಿ. 'ಆಸ್ಕ್' ಪದಕ್ಕೆ ಸಮಾನಾರ್ಥಕ ಪದಗಳನ್ನು ಬಾಯಿಪಾಠ ಮಾಡುತ್ತಿದ್ದೀರಿ, ಇನ್ನೂ ಉದ್ದದ ಪಟ್ಟಿ ಇದ್ದರೆ ಕೊಡಿ ಅಂತ ಕೇಳಿದ್ದೀರಿ. ನಾನು ಪಟ್ಟಿ ಕೊಡುವುದಿಲ್ಲ. ಅಂಥದ್ದೇ ಪಟ್ಟಿ ನಂಬಿಕೊಂಡು ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದವನು ನಾನು.

ಗೇರುಬೀಜ ರಫ್ತು ಮಾಡುವ ಆಫೀಸು. ಓದಿದ್ದು ಕನ್ನಡ ಮೀಡಿಯಂ. ಹೊರದೇಶದ ಗಿರಾಕಿಗಳಿಗೆ ಮೇಲ್ ಬರೆಯುವ ಕೆಲಸ ಸಿಕ್ಕಿತು. ಆಸ್ಕ್ ಅಂದರೆ ಚಿಕ್ಕ ಮಕ್ಕಳ ಪದ, ಅದನ್ನು ಬರೆದರೆ ಇಂಗ್ಲಿಷ್ ಬರುವುದಿಲ್ಲ ಅಂತ ತಿಳಿದುಕೊಳ್ಳುತ್ತಾರೆ ಅನ್ನುವ ಹೆದರಿಕೆ ನನಗೂ ಇತ್ತು.

ಒಮ್ಮೆ ಯುರೋಪಿನ ಹಳೆಯ ಗಿರಾಕಿಯೊಬ್ಬರ ಬಾಕಿ ಹಣ ಬರುವುದು ತಡವಾಯಿತು. "ಯಾವಾಗ ಕಳಿಸ್ತಾರಂತೆ, ಒಂದು ಮೇಲ್ ಹಾಕಿ ಕೇಳು ಮಾರಾಯ" ಅಂದರು ಧಣಿಗಳು. ನಾನು ಬರೆದದ್ದು 'ವೀ ಡಿಮ್ಯಾಂಡ್ ದ ಬ್ಯಾಲೆನ್ಸ್ ಪೇಮೆಂಟ್'. ಪಟ್ಟಿಯಲ್ಲಿ ಆಸ್ಕ್, ರಿಕ್ವೆಸ್ಟ್, ಡಿಮ್ಯಾಂಡ್ ಮೂರೂ ಒಂದೇ ಸಾಲಿನಲ್ಲಿದ್ದವು. ರಿಕ್ವೆಸ್ಟ್ ರಜಾ ಅರ್ಜಿಯ ಪದ, ಡಿಮ್ಯಾಂಡ್ ವ್ಯವಹಾರದ ಪದ ಅಂದುಕೊಂಡೆ.

ಯಾಕೆ ಹಾಗೆ ಅಂದುಕೊಂಡೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ನೀವೂ ಅಲ್ಲೇ ಎಡವಬಹುದು. ನಮ್ಮ ಕಿವಿಗೆ ಡಿಮ್ಯಾಂಡ್ ಒಳ್ಳೆಯ ಪದ. ಬಂಗುಡೆಗೆ ಡಿಮ್ಯಾಂಡ್ ಇದೆ, ಮದುವೆ ಸೀಸನ್‌ನಲ್ಲಿ ಶಂಕರಪುರ ಮಲ್ಲಿಗೆಗೆ ಡಿಮ್ಯಾಂಡ್ ಜಾಸ್ತಿ, ಹೀಗೆಲ್ಲ ದಿನಾ ಹೇಳುತ್ತೇವೆ. ಪರೀಕ್ಷೆ ಫೀಸಿಗೆ ಬ್ಯಾಂಕಿನಲ್ಲಿ ತೆಗೆಸಿದ್ದು ಡಿಮ್ಯಾಂಡ್ ಡ್ರಾಫ್ಟ್. ದುಡ್ಡಿನ ಪಕ್ಕದಲ್ಲಿ ಆ ಪದವನ್ನು ನೋಡಿ ನೋಡಿ ಅಭ್ಯಾಸವಾಗಿತ್ತು. ಆದರೆ ಡ್ರಾಫ್ಟ್‌ನಲ್ಲಿ ಆ ಪದ ಇರುವುದು ಯಾಕೆ? ಅದನ್ನು ತೋರಿಸಿ ಹಣ ಕೇಳಿದರೆ ಬ್ಯಾಂಕ್ ಕೊಡಲೇಬೇಕು ಅಂತ. ಇಲ್ಲ ಅನ್ನಲು ಎದುರಿನವರಿಗೆ ಜಾಗವೇ ಇಲ್ಲ. ವಕೀಲರು ಕಳಿಸುವ ಡಿಮ್ಯಾಂಡ್ ನೋಟಿಸ್‌ನಲ್ಲೂ ಅದೇ ಅರ್ಥ. ಮಲ್ಲಿಗೆಗೆ ಡಿಮ್ಯಾಂಡ್ ಇದೆ ಅನ್ನುವಾಗ ಅದು ಬೇಡಿಕೆ. ನಾವು ಡಿಮ್ಯಾಂಡ್ ಮಾಡುತ್ತೇವೆ ಅಂತ ಬರೆದರೆ ಅದು ತಾಕೀತು. ಈ ವ್ಯತ್ಯಾಸ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಹಣ ಬಂತು. ಮುಂದಿನ ಆರ್ಡರ್ ಬರಲಿಲ್ಲ. ಎಷ್ಟೋ ಸಮಯದ ಮೇಲೆ ಏಜೆಂಟರ ಬಾಯಿಂದ ಕಾರಣ ತಿಳಿಯಿತು. ಇಷ್ಟು ವರ್ಷದ ಪರಿಚಯ, ಸ್ವಲ್ಪ ತಡ ಆದದ್ದಕ್ಕೆ ನೋಟಿಸ್ ಕೊಟ್ಟ ಹಾಗೆ ಬರೆದರಲ್ಲ ಅಂತ ಅವರಿಗೆ ಬೇಸರವಾಗಿತ್ತು. ಧಣಿಗಳು ಬೈಯಲಿಲ್ಲ. ಆದರೆ ಅಲ್ಲಿಂದ ಮುಂದೆ ನಾನು ಬರೆದದ್ದನ್ನು ಇನ್ನೊಬ್ಬರು ಓದಿದ ಮೇಲೆಯೇ ಕಳಿಸಬೇಕಾಯಿತು. ಅದು ನನಗೆ ಬಹಳ ನೋವು ಕೊಟ್ಟ ವಿಷಯ.

ನಮ್ಮ ಗೇರುಬೀಜದ ಗ್ರೇಡುಗಳನ್ನೇ ನೋಡಿ. ಡಬ್ಲ್ಯು 240 ಅಂದರೆ ಪೌಂಡಿಗೆ 220ರಿಂದ 240 ಗೇರುಬೀಜ, ಡಬ್ಲ್ಯು 320 ಅಂದರೆ 300ರಿಂದ 320. ಎರಡೂ ಬಿಳಿ ಇಡೀ ಬೀಜವೇ. ಆದರೂ ಒಂದನ್ನು ಕೇಳಿದವರಿಗೆ ಇನ್ನೊಂದನ್ನು ತುಂಬಿಸಿ ಕಳಿಸುವ ಹಾಗಿಲ್ಲ. ಸಮಾನಾರ್ಥಕ ಪದಗಳೂ ಹಾಗೇ.

ಆ ಪದಗಳು ಬಂದ ದಾರಿಯೂ ಬೇರೆ ಬೇರೆ. ಆಸ್ಕ್ ಇಂಗ್ಲಿಷಿನದೇ ಹಳೆಯ ಪದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಗೂ ಕೋರ್ಟಿಗೂ ಫ್ರೆಂಚ್ ಬಂತು. ರಿಕ್ವೆಸ್ಟ್, ಡಿಮ್ಯಾಂಡ್, ಕ್ವೆಶ್ಚನ್ ಎಲ್ಲ ಆ ದಾರಿಯಲ್ಲಿ ಬಂದವು. ಫ್ರೆಂಚರು ಸುಮ್ನೆ ಏನಾದರೂ ಕೇಳುವುದಕ್ಕೂ ಇವತ್ತಿಗೂ 'ದಮಾಂದೇ' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಅದಕ್ಕೆ ಕೋರ್ಟಿನ ಗತ್ತು ಅಂಟಿಕೊಂಡಿತು. ಹಾಗಾಗಿ ಆಸ್ಕ್ ಕೀಳು, ಉಳಿದವು ಮೇಲು ಅನ್ನುವ ನಿಮ್ಮ ಲೆಕ್ಕವೇ ಸರಿಯಿಲ್ಲ. ದೊಡ್ಡ ದೊಡ್ಡ ಆಫೀಸಿನವರೂ ದಿನವಿಡೀ ಬಳಸುವುದು ಆಸ್ಕ್ ಪದವನ್ನೇ.

ಗಿರಾಕಿಗೆ, ಮೇಲಿನವರಿಗೆ ಪತ್ರ ಬರೆಯುವಾಗ ರಿಕ್ವೆಸ್ಟ್ ಚೆನ್ನಾಗಿರುತ್ತದೆ. 'ಐ ರಿಕ್ವೆಸ್ಟ್ ಫಾರ್ ಲೀವ್' ಅಂತ ಬರೆಯಬೇಡಿ, ಅಲ್ಲಿ ಫಾರ್ ಬೇಡ. ಆಸ್ಕ್ ಮಾಡಿದರೆ ಮಾತ್ರ ಫಾರ್ ಬೇಕು, 'ಆಸ್ಕ್ ಫಾರ್ ಲೀವ್'. ಬೆಲೆ, ಸಮಯ, ಸೀಟು ವಿಚಾರಿಸುವುದಕ್ಕೆ ಎನ್‌ಕ್ವೈರ್. 'ಐ ಕ್ವೆಶ್ಚನ್ಡ್ ಮೈ ಮ್ಯಾನೇಜರ್' ಅಂದರೆ ಅವರ ಮೇಲೆ ಸಂಶಯಪಟ್ಟು ಪ್ರಶ್ನೆ ಮಾಡಿದಿರಿ ಅಂತಾಗುತ್ತದೆ. ಇಂಟರಾಗೇಟ್ ಪೊಲೀಸ್ ಠಾಣೆಯ ಪದ. ಹಳೆಯ ಅರ್ಜಿಗಳಲ್ಲಿದ್ದ 'ಐ ಬೆಗ್ ಟು ಸ್ಟೇಟ್' ಈಗ ಬೇಡವೇ ಬೇಡ.

ನಮ್ಮ ಕರಾವಳಿಯವರು ನಿಜವಾಗಿ ತಪ್ಪುವುದು ಇನ್ನೊಂದು ಕಡೆ. ನಾವು 'ಅವರತ್ರ ಕೇಳು' ಅನ್ನುತ್ತೇವೆ ಅಲ್ವಾ? ಅದೇ ಅಭ್ಯಾಸದಲ್ಲಿ 'ಆಸ್ಕ್ ವಿತ್ ಹಿಮ್', 'ಹೀ ಆಸ್ಕ್ಡ್ ಟು ಮೀ' ಬಾಯಿಗೆ ಬರುತ್ತದೆ. 'ಆಸ್ಕ್ ಹಿಮ್', 'ಹೀ ಆಸ್ಕ್ಡ್ ಮೀ', ಅಷ್ಟೇ. ಇಂಟರ್‌ವ್ಯೂ ಮಾಡುವವರು ಗಮನಿಸುವುದು ಇದನ್ನು. ನೀವು ಎಷ್ಟು ಪದ ಬಲ್ಲಿರಿ ಅಂತ ಅವರು ಎಣಿಸುವುದಿಲ್ಲ.

ಪಟ್ಟಿ ಬದಿಗಿಟ್ಟು, ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿ ತೆಗೆದುಕೊಳ್ಳಿ. ಅದರಲ್ಲಿ ಪದದ ಜೊತೆ ವಾಕ್ಯ ಇರುತ್ತದೆ, ಫಾರ್ಮಲ್ ಹೌದೋ ಅಲ್ಲವೋ ಅಂತಲೂ ಬರೆದಿರುತ್ತಾರೆ. 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲೂ ಅರ್ಥದ ಜೊತೆ ಗಾದೆ, ಪ್ರಯೋಗ ಎಲ್ಲ ಕೊಟ್ಟಿದ್ದಾರೆ. ಬಳಕೆ ನೋಡದೆ ಪದ ಕಲಿಯಬೇಡಿ.

ಮತ್ತೆ, ಸಂಬಳದ ಮಾತು ಬಂದಾಗ 'ಮೈ ಡಿಮ್ಯಾಂಡ್ ಈಸ್' ಅಂತ ಶುರು ಮಾಡಬೇಡಿ. 'ಐ ಆಮ್ ಎಕ್ಸ್‌ಪೆಕ್ಟಿಂಗ್' ಅಂತ ಹೇಳಿ ಮೊತ್ತ ಹೇಳಿ. ಕೊನೆಗೆ ಏನಾದರೂ ಕೇಳುವುದಿದೆಯಾ ಅಂದರೆ 'ಮೇ ಐ ಆಸ್ಕ್' ಅಂತಲೇ ಧೈರ್ಯವಾಗಿ ಕೇಳಿ.