ಬೆಟ್ಟದೂರು ಆರಿಸುವಾಗ ಮೊದಲು ಇಳಿಜಾರು ನೋಡಿ

ನಿಮ್ಮ ಪ್ರಶ್ನೆ ಇಷ್ಟು: ನಗರದ ಗದ್ದಲ ಸಾಕಾಗಿದೆ, ಕೆಲಸ ಮನೆಯಿಂದಲೇ ನಡೆಯುತ್ತದೆ, ವಯಸ್ಸಾದ ತಂದೆ-ತಾಯಿ ಜೊತೆಗಿದ್ದಾರೆ, ಶಾಂತವಾದ ಒಂದು ಬೆಟ್ಟದೂರಿಗೆ ಹೋಗಿ ನೆಲೆಸಬೇಕು, ಯಾವ ಊರು ಒಳ್ಳೆಯದು. ನಾನು ಊರುಗಳ ಪಟ್ಟಿ ಕೊಡುವುದಿಲ್ಲ. ಬಯಲಿನಲ್ಲಿ ಊರ ಹೆಸರು ಹೇಳಿದರೆ ಅಲ್ಲಿನ ಹವೆ, ನೀರು ಹೇಳಿದಂತೆಯೇ. ಬೆಟ್ಟದಲ್ಲಿ ಎರಡು ಫರ್ಲಾಂಗು ಆಚೆ ಹೋದರೆ ಬಿಸಿಲು ಬೇರೆ, ನೀರು ಬೇರೆ, ನೆಲದ ಗಟ್ಟಿತನವೂ ಬೇರೆ. ಅದಕ್ಕೇ ಊರಿಗಿಂತ ಮೊದಲು ಇಳಿಜಾರನ್ನು ಆರಿಸಬೇಕು, ಅದೂ ಆ ಊರಿನ ಅತಿ ಕೆಟ್ಟ ತಿಂಗಳಲ್ಲಿ ಹೋಗಿ ನಿಂತು.

ಮೊದಲು ಎತ್ತರ ತೀರ್ಮಾನಿಸಿಕೊಳ್ಳಿ. ಪ್ರತಿ 1000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಾಪಮಾನ ಇಳಿಯುತ್ತದೆ. ತಂಪಿಗಾಗಿಯೇ ಹೋಗುವುದಾದರೆ 1000ದಿಂದ 1800 ಮೀಟರ್ ಸಾಕು. ಅದಕ್ಕಿಂತ ಮೇಲೆ ಹೋದಷ್ಟೂ ದೇಹಕ್ಕೂ ಜೇಬಿಗೂ ಭಾರ. 3000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 70ರಷ್ಟಿರುತ್ತದೆ, ಅಂದರೆ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಸುಮಾರು ಶೇ 30ರಷ್ಟು ಕಡಿಮೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2500 ಮೀಟರಿನಿಂದ ಮೇಲೆ. ಆದರೆ ನಿಮ್ಮ ತಂದೆಗೋ ತಾಯಿಗೋ ಹೃದಯದ ದೌರ್ಬಲ್ಯ, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇದ್ದರೆ ಅದಕ್ಕಿಂತ ಕೆಳಗೂ ತೊಂದರೆ ಆಗಬಹುದು. ವೈದ್ಯರ ಹತ್ತಿರ 'ಬೆಟ್ಟಕ್ಕೆ ಹೋಗುತ್ತಿದ್ದೇವೆ' ಎಂದಷ್ಟೇ ಹೇಳಬೇಡಿ, ಎಷ್ಟು ಮೀಟರ್ ಎತ್ತರ ಎಂದು ಹೇಳಿ ಕೇಳಿ. ಎರಡು ದಿನದ ಪ್ರವಾಸ ತಡೆದುಕೊಂಡವರೆಲ್ಲ ಎರಡು ವರ್ಷದ ವಾಸ ತಡೆದುಕೊಳ್ಳುತ್ತಾರೆ ಅನ್ನುವ ಹಾಗಿಲ್ಲ.

ಇನ್ನು ಬಿಸಿಲು. ಮನೆ ನೋಡಲು ಹೋದವರು ಕಿಟಕಿಯಿಂದ ಏನು ಕಾಣುತ್ತದೆ ಎಂದು ನೋಡುತ್ತಾರೆಯೇ ಹೊರತು, ಚಳಿಗಾಲದಲ್ಲಿ ಆ ಕಿಟಕಿಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂದು ಕೇಳುವುದಿಲ್ಲ. ಉತ್ತರಾರ್ಧ ಗೋಳದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೆಚ್ಚಗೆ, ಉತ್ತರಕ್ಕೆ ಮುಖ ಮಾಡಿದ್ದು ಥಂಡಿ. ದಕ್ಷಿಣಾರ್ಧದಲ್ಲಿ ಇದು ತಿರುಗುಮುರುಗು. ಎದುರಿನ ಬೆಟ್ಟ ಬಿಸಿಲನ್ನು ತಡೆಯುತ್ತದೆಯೇ ಎಂಬುದನ್ನು ಅಂಗಳದಲ್ಲಿ ನಿಂತೇ ಅಳೆಯಬಹುದು. 90ರಿಂದ ಆ ಊರಿನ ಅಕ್ಷಾಂಶ ಕಳೆಯಿರಿ, ಅದರಿಂದ 23.5 ಕಳೆಯಿರಿ, ಉಳಿದಿದ್ದು ವರ್ಷದ ಅತಿ ಚಿಕ್ಕ ಹಗಲಿನ ನಡುಹೊತ್ತಿನಲ್ಲಿ ಸೂರ್ಯ ಏರುವ ಎತ್ತರ, ಡಿಗ್ರಿಗಳಲ್ಲಿ. ಅಕ್ಷಾಂಶ 30 ಆದರೆ 36.5 ಡಿಗ್ರಿ, 45 ಆದರೆ ಬರೀ 21.5. ಈಗ ಕೈಯನ್ನು ನೀಳವಾಗಿ ಮುಂದೆ ಚಾಚಿ ಮುಷ್ಟಿ ಕಟ್ಟಿ. ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಸೂರ್ಯ ಮಧ್ಯಾಹ್ನ ಇರುವ ದಿಕ್ಕಿಗೆ ತಿರುಗಿ, ಕಣ್ಣಿನ ಮಟ್ಟದಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಎದುರಿನ ಬೆಟ್ಟದ ನೆತ್ತಿಯವರೆಗೆ ಎಣಿಸಿ. 30ನೇ ಅಕ್ಷಾಂಶದಲ್ಲಿ ನಾಲ್ಕು ಮುಷ್ಟಿ ಬಂದರೆ ಚಳಿಗಾಲದ ನಡುವಿನ ಕೆಲವು ವಾರ ಆ ಅಂಗಳಕ್ಕೆ ನಡುಹಗಲಿನ ಬಿಸಿಲು ಇಲ್ಲ. ಇದು ಸಣ್ಣ ಮಾತಲ್ಲ. ನಾರ್ವೆಯ ರ್‍ಯುಕಾನ್ ಊರಿಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನೇರ ಬಿಸಿಲೇ ಬೀಳುವುದಿಲ್ಲ. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿ ಊರ ಚೌಕಕ್ಕೆ ಬೆಳಕು ಹಾಯಿಸಿಕೊಂಡರು. ಇಟಲಿಯ ವಿಗನೆಲ್ಲಾ ಎಂಬ ಹಳ್ಳಿ 2006ರಲ್ಲೇ ಈ ಉಪಾಯ ಮಾಡಿತ್ತು. ಭೂಮಧ್ಯರೇಖೆಗೆ ಹತ್ತಿರದ ಬೆಟ್ಟಗಳಲ್ಲಿ ನೆರಳಿನ ಚಿಂತೆ ಕಡಿಮೆ. ಅಲ್ಲಿ ಮಳೆಗಾಳಿ ಬಂದು ಬಡಿಯುವ ಮಗ್ಗುಲು ಯಾವುದು, ಮಳೆಯ ಮರೆಯಲ್ಲಿರುವ ಮಗ್ಗುಲು ಯಾವುದು ಎಂಬುದೇ ದೊಡ್ಡ ಪ್ರಶ್ನೆ. ಒಂದೇ ಶ್ರೇಣಿಯ ಆ ಬದಿಯಲ್ಲಿ ಬಟ್ಟೆ ಒಣಗದಷ್ಟು ಮಳೆ, ಈ ಬದಿಯಲ್ಲಿ ನೀರಿಗೆ ಪರದಾಟ ಇರುವುದುಂಟು.

ಇಳಿಜಾರಿನಲ್ಲಿ ಎಷ್ಟು ಮೇಲೆ ಅನ್ನುವುದಕ್ಕೂ ಲೆಕ್ಕವಿದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕೆಳಗಿಳಿದು ಕಣಿವೆಯ ತಳದಲ್ಲಿ ಕೆರೆಯಂತೆ ನಿಲ್ಲುತ್ತದೆ. ಮಂಜು, ಒಲೆಯ ಹೊಗೆ ಎಲ್ಲವೂ ಅದರ ಜೊತೆಗೇ ನಿಲ್ಲುತ್ತವೆ. ನೆತ್ತಿಯಲ್ಲಿ ಗಾಳಿ ಮತ್ತು ಸಿಡಿಲು. ಹಾಗಾಗಿ ನಡು ಇಳಿಜಾರೇ ವಾಸಕ್ಕೆ ಮೇಲು. ಚಳಿಗಾಲದ ಒಂದು ಬೆಳಿಗ್ಗೆ ಆರು ಗಂಟೆಗೆ ಮೇಲಿನ ತಿರುವಿನಲ್ಲಿ ನಿಂತು ನೋಡಿ. ಮಂಜಿನ ಮೇಲ್ಮೈ ಎಲ್ಲಿಗೆ ನಿಂತಿದೆಯೋ ಅದಕ್ಕಿಂತ ಮೇಲಿನ ಮನೆಗಳನ್ನು ಹುಡುಕಿ.

ನೆಲ ಗಟ್ಟಿಯೋ ಅಲ್ಲವೋ ಎಂಬುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುತ್ತೇನೆ, ಏಕೆಂದರೆ ಉಳಿದ ತಪ್ಪುಗಳನ್ನು ಆಮೇಲೂ ತಿದ್ದಿಕೊಳ್ಳಬಹುದು. ಬುಡದಲ್ಲಿ ಬಿಲ್ಲಿನಂತೆ ಬಾಗಿ ಆಮೇಲೆ ನೆಟ್ಟಗಾದ ಮರಗಳು ಸಾಲಾಗಿದ್ದರೆ ಮೇಲ್ಮಣ್ಣು ನಿಧಾನವಾಗಿ ಜಾರುತ್ತಿರಬಹುದು. ಓರೆಯಾದ ವಿದ್ಯುತ್ ಕಂಬ, ಮೆಟ್ಟಿಲಿನಂತೆ ಕುಸಿದ ಹುಲ್ಲುಗಾವಲು, ಹೊಸದಾಗಿ ಹುಟ್ಟಿದ ಒರತೆ, ಇದ್ದಕ್ಕಿದ್ದಂತೆ ಹಾಕಲು ಬಾರದ ಬಾಗಿಲು, ಇವೆಲ್ಲ ಸೂಚನೆಗಳೇ. ಕಡಿದಾದ ಕಮರಿಯ ಬಾಯಲ್ಲಿ ಬೀಸಣಿಗೆಯಂತೆ ಹರಡಿದ ಸಮತಟ್ಟು ಜಾಗ ಮನೆ ಕಟ್ಟಲೆಂದೇ ಮಾಡಿಟ್ಟಂತೆ ಕಾಣುತ್ತದೆ. ಅದನ್ನು ಮಾಡಿಟ್ಟಿದ್ದು ಮೇಲಿಂದ ಹರಿದುಬಂದ ಕೆಸರು ಮತ್ತು ಬಂಡೆ, ಮತ್ತೆ ಬರುವ ದಾರಿಯೂ ಅದೇ. ಇಳಿಜಾರನ್ನು ಕಡಿದು ಆ ಮಣ್ಣನ್ನೇ ಮುಂದಕ್ಕೆ ತುಂಬಿ ಕಟ್ಟಿದ ಮನೆಯಲ್ಲಿ ಹಿಂಭಾಗ ಗಟ್ಟಿ ನೆಲದ ಮೇಲೆ, ಮುಂಭಾಗ ತುಂಬು ಮಣ್ಣಿನ ಮೇಲೆ ಕೂತಿರುತ್ತದೆ. ಮುಂಭಾಗ ಕುಸಿಯುತ್ತಾ ಹೋದಂತೆ ಎರಡೂ ಸೇರುವ ಗೆರೆಯಲ್ಲೇ ಗೋಡೆ ಬಿರಿಯುತ್ತದೆ. ಸುಣ್ಣ ಬಳಿದ ಹೊಸ ಗೋಡೆಗಿಂತ ನೆಲದ ಟೈಲ್ಸ್ ಸಂದುಗಳನ್ನು ನೋಡಿ, ಅಲ್ಲಿ ಮುಚ್ಚಿಡುವುದು ಕಷ್ಟ.

ತಡೆಗೋಡೆಯ ಹತ್ತಿರ ಹೋಗಿ ನಿಲ್ಲಿ. ಅದರಲ್ಲಿ ನೀರು ಹೊರಬರಲೆಂದು ಬಿಟ್ಟ ತೂತುಗಳು ಇರಬೇಕು. ಜೋರು ಮಳೆಯ ಮರುದಿನ ಅವುಗಳಿಂದ ನೀರು ಜಿನುಗುತ್ತಿದ್ದರೆ ಒಳ್ಳೆಯದು. ಒಣಗಿದ್ದು, ಗೋಡೆಯ ಹೊಟ್ಟೆ ಮಾತ್ರ ಉಬ್ಬಿದ್ದರೆ ಹಿಂದಿನ ಮಣ್ಣು ನೀರು ಕುಡಿದು ಗೋಡೆಯನ್ನು ದೂಡುತ್ತಿದೆ ಎಂದರ್ಥ. ಎಷ್ಟೋ ಸಲ ತೂತಿನೊಳಗೆ ಕಡ್ಡಿ ಹಾಕಿದರೆ ಒಂದು ಗೇಣು ಒಳಗೇ ಮಣ್ಣು ಕಟ್ಟಿಕೊಂಡಿರುತ್ತದೆ.

ನೀರನ್ನು ಬೇಸಿಗೆಯ ಕೊನೆಯಲ್ಲಿ, ಮಳೆಗೆ ಮೊದಲೇ ಅಳೆಯಬೇಕು. ಝರಿಯ ಕೊಳವೆಗೆ 20 ಲೀಟರ್ ಬಕೆಟ್ ಇಟ್ಟು ಗಡಿಯಾರ ನೋಡಿ. ತುಂಬಲು 4 ನಿಮಿಷ ಹಿಡಿದರೆ ನಿಮಿಷಕ್ಕೆ 5 ಲೀಟರ್, ದಿನಕ್ಕೆ 7200 ಲೀಟರ್. ನಾಲ್ಕು ಜನರ ಮನೆಗೆ ದಿನಕ್ಕೆ 500 ಲೀಟರ್ ಹಿಡಿದರೆ ಹದಿನಾಲ್ಕು ಮನೆಗೆ ಸಾಕು, ಆದರೆ ರಾತ್ರಿ ಬಂದ ನೀರು ಹಿಡಿದಿಡಲು ಟ್ಯಾಂಕ್ ಇದ್ದರೆ ಮಾತ್ರ. ಅದೇ ಝರಿಯನ್ನು ಎಷ್ಟು ಮನೆ ಹಂಚಿಕೊಂಡಿವೆ, ಹೊಸದಾಗಿ ಎಷ್ಟು ವಸತಿಗೃಹಗಳು ಏಳುತ್ತಿವೆ ಎಂದು ಕೇಳಿ. ಝರಿಯ ಮೇಲ್ಭಾಗಕ್ಕೂ ಹತ್ತಿ ನೋಡಿ. ಅಲ್ಲಿ ಶೌಚಗುಂಡಿಯೋ ದನದ ಕೊಟ್ಟಿಗೆಯೋ ಇದ್ದರೆ ಮೊದಲ ಮಳೆಗೆ ಅದೆಲ್ಲ ಕೆಳಗಿಳಿಯುತ್ತದೆ. ನೀರಿನ ಪರೀಕ್ಷೆಯನ್ನು ಆ ಮೊದಲ ಮಳೆಯ ಬಳಿಕ ಮಾಡಿಸಿ, ಮಲ ಬೆರೆತಿರಬಹುದೆಂದು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆಯೇ ಎಂದು ಕೇಳಿ. ಬೇಸಿಗೆಯ ತಿಳಿನೀರಿನ ವರದಿ ಹಿಡಿದು ನಿಶ್ಚಿಂತರಾಗಬೇಡಿ.

ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಹೇಳಿದರೆ ನಂಬಬೇಡಿ, ಗಂಟೆಯಲ್ಲಿ ಹೇಳಿಸಿ, ಅದೂ ರಾತ್ರಿ, ಮಳೆಯಲ್ಲಿ. ಪಾರ್ಶ್ವವಾಯು ಬಡಿದಾಗ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು; ಅದರೊಳಗೆ ಸ್ಕ್ಯಾನ್ ಕೂಡ ಆಗಬೇಕು. ಅಂದರೆ ಸ್ಕ್ಯಾನ್ ಇಲ್ಲದ ಚಿಕಿತ್ಸಾಲಯ ಪಕ್ಕದಲ್ಲೇ ಇದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ. ತಂದೆ-ತಾಯಿ ಜೊತೆಗಿರುವುದರಿಂದ, ಸ್ಕ್ಯಾನ್ ಮತ್ತು ಹೃದಯ ಚಿಕಿತ್ಸೆ ಎರಡೂ ಇರುವ ಆಸ್ಪತ್ರೆ ಒಂದೂವರೆ ಗಂಟೆಯೊಳಗೆ ಸಿಗದ ಊರನ್ನು ನಾನಾದರೆ ಪಟ್ಟಿಯಿಂದಲೇ ತೆಗೆಯುತ್ತೇನೆ.

ಹೊರಹೋಗುವ ದಾರಿ ಎರಡಾದರೂ ಇರಲಿ, ಮತ್ತು ಆ ಎರಡೂ ಒಂದೇ ಸೇತುವೆಯನ್ನೋ ಒಂದೇ ಕುಸಿಯುವ ತಿರುವನ್ನೋ ದಾಟದಿರಲಿ. ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಹೊಂದಿದ್ದು ಕೆಲವೇ ಹೊರದಾರಿ. 2018ರ ನವೆಂಬರಿನ ಕಾಡ್ಗಿಚ್ಚಿನಲ್ಲಿ ಆ ದಾರಿಗಳು ವಾಹನಗಳಿಂದ ಕಟ್ಟಿಹೋದವು. ಆ ಬೆಂಕಿ 85 ಜೀವ ತೆಗೆದುಕೊಂಡಿತು. ಒಣ ಕಾಡಿಗೆ ತಾಗಿದ ಮನೆ ನೋಡುವಾಗ ಇದನ್ನು ಮರೆಯಬೇಡಿ. ಬೆಂಕಿ ಇಳಿಜಾರನ್ನು ಏರುವಾಗಲೇ ಅದರ ವೇಗ ಹೆಚ್ಚು.

ಕೆಲಸ ಮನೆಯಿಂದ ಅಂದಿದ್ದೀರಿ. ಇಂಟರ್ನೆಟ್ ವೇಗವನ್ನು ಬೆಳಿಗ್ಗೆ ಹತ್ತಕ್ಕಲ್ಲ, ರಜಾದಿನದ ರಾತ್ರಿ ಎಂಟಕ್ಕೆ ಪರೀಕ್ಷಿಸಿ. ಪ್ರವಾಸಿಗರು ತುಂಬಿದಾಗ ಟವರ್ ಬಸವಳಿಯುತ್ತದೆ. ಎರಡು ಸಂಪರ್ಕ ಇಟ್ಟುಕೊಳ್ಳುವುದಾದರೆ ಎರಡರ ಕೇಬಲ್ಲೂ ಒಂದೇ ಕಂಬದ ಮೇಲೆ ಬಂದಿದೆಯೇ ನೋಡಿ. ಹಾಗಿದ್ದರೆ ಒಂದು ಮರ ಬಿದ್ದರೆ ಎರಡೂ ಹೋದಂತೆ. ಕರೆಂಟು ಹೋದ ಮೇಲೆ ಮೊಬೈಲ್ ಟವರ್ ಎಷ್ಟು ಗಂಟೆ ಬದುಕಿರುತ್ತದೆ ಎಂಬುದು ಅಕ್ಕಪಕ್ಕದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಲ್ಯಾಪ್‌ಟಾಪ್, ರೂಟರ್, ಎರಡು ದೀಪ ಸೇರಿ 100 ವ್ಯಾಟ್ ಎಂದಿಟ್ಟುಕೊಳ್ಳಿ. 12 ವೋಲ್ಟಿನ 150 ಆಂಪಿಯರ್-ಅವರ್ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದೆ, ಇನ್ವರ್ಟರಿನ ನಷ್ಟ ಕಳೆದರೆ ಏಳೂವರೆ ಗಂಟೆ ಬರುತ್ತದೆ. ಕೊರೆಯುವ ಚಳಿಯಲ್ಲಿ ಅದೂ ಕಡಿಮೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ, ಅದನ್ನು ಮನೆಯೊಳಗೇ ಇಡಬೇಕು.

ಶಾಂತಿಗಾಗಿ ಹೋಗುವವರು ಸದ್ದನ್ನೂ ಹಗಲಲ್ಲಿ ಅಳೆದು ಮೋಸ ಹೋಗುತ್ತಾರೆ. ಕಣಿವೆಯಲ್ಲಿ ರಾತ್ರಿ ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಂತಾಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. ಎದುರು ಬೆಟ್ಟದ ಹೇರ್‌ಪಿನ್ ತಿರುವಿನಲ್ಲಿ ಲಾರಿ ಗೇರ್ ಬದಲಿಸುವುದು ಹಾಸಿಗೆಯಲ್ಲಿ ಮಲಗಿದವರಿಗೆ ಕೇಳಿಸುತ್ತದೆ. ವಾರಾಂತ್ಯದ ಒಂದು ರಾತ್ರಿ ಅಲ್ಲಿ ಮಲಗಿ ನೋಡಿ. ಜನ ಬಾರದ ಕಾಲದ ಒಂದು ಮಂಗಳವಾರ ರಾತ್ರಿಯೂ ಮಲಗಿ, ದೀಪ ಉರಿಯುವ ಮನೆಗಳನ್ನು ಎಣಿಸಿ. ಹತ್ತರಲ್ಲಿ ಎರಡೇ ಉರಿಯುತ್ತಿದ್ದರೆ ಅಲ್ಲಿರುವುದು ಬರೀ ರಜೆಯ ಮನೆಗಳು. ಅಂಥ ಕಡೆ ಪೈಪ್ ಒಡೆದ ದಿನ ಪ್ಲಂಬರ್ ಸಿಗುವುದಿಲ್ಲ, ಅಪ್ಪನಿಗೆ ಮಾತಿಗೆ ಜನ ಸಿಗುವುದಿಲ್ಲ. ವರ್ಷವಿಡೀ ತೆರೆದಿರುವ ಔಷಧಿ ಅಂಗಡಿ, ನಡೆಯುತ್ತಿರುವ ಶಾಲೆ ಇದ್ದರೆ ಊರು ಜೀವಂತವಾಗಿದೆ.

ಥಂಡಿ ಹಿಡಿದ ಗೋಡೆಗೆ ಒಂದು ಪರೀಕ್ಷೆ. ಬೆಟ್ಟಕ್ಕೆ ತಾಗಿದ ಹಿಂಗೋಡೆಯ ಮೇಲೆ ಒಂದು ಚದರಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹಿಂದಿನ ಮಣ್ಣು ತೆಗೆದು ಚರಂಡಿ ಮಾಡದೆ ಬಣ್ಣದಿಂದ ಅದು ನಿಲ್ಲದು. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದೇ ತೇವ, ಗಾಳಿ ಆಡಿಸಿ ಬೆಚ್ಚಗಿಟ್ಟರೆ ಸರಿಹೋಗುತ್ತದೆ. ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ, ಬೂಷ್ಟಿನ ವಾಸನೆ ಸುಳ್ಳು ಹೇಳುವುದಿಲ್ಲ. ಕಟ್ಟಿಗೆಯ ಒಲೆ ಇದ್ದರೆ ಅದರ ಹೊಗೆಕೊಳವೆ 10 ಅಡಿ ಸುತ್ತಲಿನ ಮಾಡಿಗಿಂತ ಕನಿಷ್ಠ 2 ಅಡಿ ಎತ್ತರವಿರಬೇಕು, ಇಲ್ಲದಿದ್ದರೆ ಗಾಳಿ ಹೊಗೆಯನ್ನು ವಾಪಸ್ ದೂಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಮಾತ್ರ ಎಂದೂ ಇಡಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಅದನ್ನು ಪತ್ತೆ ಮಾಡುವ ಅಲಾರಂ ಮಲಗುವ ಕೋಣೆಯ ಹತ್ತಿರ ಇರಲೇಬೇಕು.

ಕೊಳ್ಳುವ ಮಾತು ಆಮೇಲೆ. ಮೊದಲು 12 ತಿಂಗಳು ಬಾಡಿಗೆಗೆ ಇರಿ, ನಗರದ ಮನೆ ಮಾರಬೇಡಿ. ಬಾಡಿಗೆ ಕರಾರನ್ನು ಕೆಟ್ಟ ಋತು ಶುರುವಾಗುವ ತಿಂಗಳಿನಿಂದಲೇ ಹಿಡಿಯಿರಿ; ಸಹಿಸಲಾಗದಿದ್ದರೆ ಮೂರು ತಿಂಗಳಲ್ಲೇ ತಿಳಿಯುತ್ತದೆ. ಹಲವು ಬೆಟ್ಟ ಪ್ರದೇಶಗಳಲ್ಲಿ ಹೊರಗಿನವರು ಜಮೀನು ಕೊಳ್ಳಲು ನಿರ್ಬಂಧವಿದೆ, ಅರಣ್ಯದ ಗಡಿಯ ತಕರಾರೂ ಇರುತ್ತದೆ. ಮನೆಗೆ ಹೋಗುವ ಕಾಲುದಾರಿ, ನೀರಿನ ಕೊಳವೆ ಹಾದುಬರುವ ಜಾಗ ಬೇರೆಯವರದಾಗಿದ್ದರೆ ಆ ಹಕ್ಕು ಬಾಯಿಮಾತಿನಲ್ಲಿದೆಯೋ ಪತ್ರದಲ್ಲಿದೆಯೋ ನೋಡಿ. ಬಾಡಿಗೆಗೆ ಹೋದ ಮೊದಲ ವಾರವೇ ಗೋಡೆಯ ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ, ನಡುವಿನ ಅಗಲ ಅಳೆದಿಡಿ. ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯಿರಿ. ಬಿರುಕು ಗೆರೆ ದಾಟಿ ಮುಂದೆ ಹೋಗಿದ್ದರೆ, ಇಲ್ಲವೇ ಅಗಲ ಒಂದೆರಡು ಮಿಲಿಮೀಟರ್ ಹೆಚ್ಚಿದ್ದರೆ, ಆ ಇಳಿಜಾರಿನಲ್ಲಿ ಕೊಳ್ಳುವ ಮಾತು ಬಿಟ್ಟು ಮುಂದಿನ ಇಳಿಜಾರು ನೋಡಿ.