ಎಬಿಡಬ್ಲ್ಯೂ ಮೋಡಿನ ಕಪ್ಪು-ಬಿಳುಪು ಪ್ರಿಂಟ್ ನಿಜಕ್ಕೂ ಹೆಚ್ಚು ಶಾರ್ಪ್ ಇರುತ್ತದೆಯೇ?

ಒಂದೇ ಫೈಲನ್ನು ಎಪ್ಸನ್ ಪ್ರಿಂಟರಿನಲ್ಲಿ ಅಡ್ವಾನ್ಸ್‌ಡ್ ಬ್ಲ್ಯಾಕ್ ಅಂಡ್ ವೈಟ್, ಅಂದರೆ ಎಬಿಡಬ್ಲ್ಯೂ ಮೋಡಿನಲ್ಲೂ ಪ್ರೊಫೈಲ್ (ಆ ಕಾಗದಕ್ಕೂ ಇಂಕಿಗೂ ಬಣ್ಣ ಹೊಂದಿಸುವ ಫೈಲ್) ಹಾಕಿದ ಕಲರ್ ಮೋಡಿನಲ್ಲೂ ತೆಗೆದಿದ್ದೀರಿ. ಮೊದಲನೆಯದೇ ಶಾರ್ಪ್ ಅನಿಸುತ್ತಿದೆ, ನಿಜವೇ ಎಂಬುದು ನಿಮ್ಮ ಪ್ರಶ್ನೆ. ಆ ಎರಡು ಪ್ರಿಂಟ್‌ಗಳನ್ನಷ್ಟೇ ನೋಡಿ ಹೇಳಲು ಬರುವುದಿಲ್ಲ. ಹಲವು ಡ್ರೈವರ್‌ಗಳಲ್ಲಿ ಎಬಿಡಬ್ಲ್ಯೂ ಟೋನ್ ಮೊದಲೇ ‘ಡಾರ್ಕರ್’ ಎಂದಿರುತ್ತದೆ. ಆಗ ನಡುವಿನ ಬೂದು ಗಾಢವಾಗಿ, ಬಿಳಿ ಅಂಚುಗಳು ಎದ್ದು ಕಾಣುತ್ತವೆ. ಕಣ್ಣು ಕಾಂಟ್ರಾಸ್ಟನ್ನೇ ಶಾರ್ಪ್‌ನೆಸ್ ಎಂದು ಓದುತ್ತದೆ. ಆದ್ದರಿಂದ ಮೊದಲು ಟೋನ್ ಸರಿಹೊಂದಿಸಿ, ಶಾರ್ಪ್‌ನೆಸ್ ಮಾತು ಆಮೇಲೆ.

ಬಿಳಿಯ 0ಯಿಂದ ಕಪ್ಪಿನ 100ರವರೆಗೆ 5% ಅಂತರದ 21 ಚೌಕಗಳ ಪಟ್ಟಿಯನ್ನು, ಅಂದರೆ ಸ್ಟೆಪ್ ವೆಡ್ಜನ್ನು, ಎರಡೂ ಮೋಡಿನಲ್ಲಿ, ಒಂದೇ ಕಾಗದಕ್ಕೆ, ಡ್ರೈವರಿನಲ್ಲಿ ಒಂದೇ ಮೀಡಿಯಾ ಟೈಪ್ (ಕಾಗದದ ಬಗೆ) ಇಟ್ಟು ಹೊಡೆಯಿರಿ. ಎಬಿಡಬ್ಲ್ಯೂಗೆ ಕಲರ್ ಮ್ಯಾನೇಜ್‌ಮೆಂಟನ್ನು ಪ್ರಿಂಟರಿಗೇ ಬಿಡಬೇಕು. ಒಂದು ದಿನ ಒಣಗಲಿ. ಅಳೆಯುವ ಉಪಕರಣ ಇಲ್ಲದಿದ್ದರೆ ಎರಡನ್ನೂ ಸ್ಕ್ಯಾನರ್ ಮೇಲೆ ಅಕ್ಕಪಕ್ಕ ಇಟ್ಟು, ಆಟೋ ಕರೆಕ್ಷನ್ ಎಲ್ಲ ತೆಗೆದು, ಒಂದೇ ಸಲಕ್ಕೆ ಸ್ಕ್ಯಾನ್ ಮಾಡಿ ಚೌಕಗಳ ಪಿಕ್ಸೆಲ್ ಅಂಕಿಗಳನ್ನು ಹೋಲಿಸಿ. ನಿಖರ ಡೆನ್ಸಿಟಿ (ಗಾಢತೆಯ ಅಳತೆ) ಸಿಗದು, ಹೋಲಿಕೆಗೆ ಸಾಕು. ವ್ಯತ್ಯಾಸವಿದ್ದರೆ ‘ಡಾರ್ಕ್’ ಅಥವಾ ‘ನಾರ್ಮಲ್’ ಆರಿಸಿ. ಉಳಿದದ್ದನ್ನು ಎಡಿಟಿಂಗ್ ತಂತ್ರಾಂಶದ ಕರ್ವ್ಸ್‌ನಲ್ಲಿ ಸರಿಮಾಡಿ. 90ರ ಮೇಲಿನ ಚೌಕಗಳು ಒಂದಾಗಿಬಿಟ್ಟಿದ್ದರೆ ಕಾಗದ ಹೀರುವುದಕ್ಕಿಂತ ಹೆಚ್ಚು ಇಂಕ್ ಬೀಳುತ್ತಿರಬಹುದು; ಮೀಡಿಯಾ ಟೈಪ್ ಬದಲಿಸಿ ನೋಡಿ. ಮ್ಯಾಟ್ ಕಾಗದದ ಕಡುಕಪ್ಪು ಸುಮಾರು 1.6–1.7 ಡೆನ್ಸಿಟಿಗೆ ನಿಲ್ಲುತ್ತದೆ, ಒಳ್ಳೆಯ ಬರೈಟಾ (ಬೇರಿಯಂ ಸಲ್ಫೇಟ್ ಲೇಪದ ಹೊಳಪು ಕಾಗದ) 2.2 ದಾಟುತ್ತದೆ. ಹಾಗಾಗಿ ಮ್ಯಾಟ್ ಪ್ರಿಂಟನ್ನು ಬರೈಟಾ ಪಕ್ಕ ಇಟ್ಟು ಶಾರ್ಪ್‌ನೆಸ್ ತೀರ್ಪು ಕೊಡುವುದು ಅನ್ಯಾಯ.

ಟೋನ್ ಸಮವಾದ ಮೇಲೆ, ಚಿತ್ರವನ್ನು ಪ್ರಿಂಟ್ ಅಳತೆಯಲ್ಲೇ 360 ಪಿಪಿಐಗೆ (ಇಂಚಿಗೆ ಪಿಕ್ಸೆಲ್) ತನ್ನಿ. ಡ್ರೈವರಿನಲ್ಲಿ ‘ಫೈನೆಸ್ಟ್ ಡೀಟೇಲ್’ ಹಾಕಿದರೆ 720. ಇಲ್ಲದಿದ್ದರೆ ಡ್ರೈವರ್ ತನಗೆ ತೋಚಿದಂತೆ ರೀಸೈಜ್ ಮಾಡುತ್ತದೆ. ಜೊತೆಗೆ ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿಯ ಗೆರೆಗಳನ್ನು ಅಡ್ಡಕ್ಕೂ ಉದ್ದಕ್ಕೂ ಹಾಕಿ. ಇಂಕ್ ಚಿಮ್ಮಿಸುವ ಹೆಡ್ ಓಡುವ ದಿಕ್ಕಿಗೆ ಅಡ್ಡವಾಗಿರುವ ಗೆರೆಗಳು ಮಾತ್ರ ಎರಡೆರಡಾಗಿ ಕಂಡರೆ ಹೆಡ್ ಅಲೈನ್‌ಮೆಂಟ್ ತಪ್ಪಿದೆ: ಅದನ್ನು ಸರಿಮಾಡಿ, ‘ಹೈ ಸ್ಪೀಡ್’ (ಹೆಡ್ ಹೋಗುವಾಗಲೂ ಬರುವಾಗಲೂ ಹೊಡೆಯುವ ಆಯ್ಕೆ) ತೆಗೆಯಿರಿ. ಎರಡೂ ದಿಕ್ಕಿನವು ಮಸುಕಾಗಿದ್ದರೆ ಇಂಕ್ ಹರಡುತ್ತಿರಬಹುದು.

ಕಲರ್ ಮೋಡಿನ ಬೂದಿಗೆ ಸಯಾನ್, ಮೆಜೆಂಟಾ, ಹಳದಿ ಹನಿಗಳೂ ಸೇರುತ್ತವೆ. ಅಲೈನ್‌ಮೆಂಟ್ ಕೊಂಚ ತಪ್ಪಿದರೂ ಅಂಚಿಗೆ ಬಣ್ಣ ಮೆತ್ತಿಕೊಳ್ಳುತ್ತದೆ. ಎಬಿಡಬ್ಲ್ಯೂ ಬಹುಪಾಲು ಕಪ್ಪು ಮತ್ತು ಬೂದು ಇಂಕ್‌ಗಳಿಂದಲೇ ಕೆಲಸ ಮುಗಿಸುವುದರಿಂದ ಈ ತೊಂದರೆ ಕಡಿಮೆ. ಇಷ್ಟು ಮಾತ್ರ ಅದರ ನಿಜವಾದ ಶಾರ್ಪ್‌ನೆಸ್ ಲಾಭ. ಅದೂ 10x ಲೂಪಿನಲ್ಲಿ (ಭೂತಗನ್ನಡಿಯಲ್ಲಿ) ಕಾಣುವಂಥದ್ದು; ಬರಿಗಣ್ಣು 30 ಸೆಂ.ಮೀ. ದೂರದಿಂದ ಹೆಚ್ಚುಕಡಿಮೆ 0.09 ಮಿ.ಮೀ.ಗಿಂತ ಸಣ್ಣದನ್ನು ಬಿಡಿಸಿ ನೋಡಲಾರದು. ಆದರೂ ನಾನು ಎಬಿಡಬ್ಲ್ಯೂ ಅನ್ನೇ ಆರಿಸುತ್ತೇನೆ, ಟೋನ್‌ಗಾಗಿ: ಕಿಟಕಿ ಬೆಳಕಿನಿಂದ ಎಲ್‌ಇಡಿಗೆ ಒಯ್ದಾಗ ಬೂದು ಹಸಿರಿಗೋ ಗುಲಾಬಿಗೋ ತಿರುಗುವುದು ಇದರಲ್ಲಿ ಕಡಿಮೆ.

ಕ್ವಾಡ್‌ಟೋನ್‌ರಿಪ್‌ನಂಥ ತಂತ್ರಾಂಶದಿಂದ ಒಂದೇ ಕಪ್ಪು ಇಂಕಿನಲ್ಲಿ ಹೊಡೆದರೆ ಅಂಚು ಇನ್ನೂ ಹರಿತವಾಗಬಹುದು, ಆದರೆ ಆಕಾಶ, ಚರ್ಮದಂಥ ತಿಳಿ ಭಾಗಗಳಲ್ಲಿ ಚುಕ್ಕಿಗಳು ಕಾಣತೊಡಗುತ್ತವೆ.